ಹೆಜ್ಜೆ ಎಣಿಸಿದ ಮಾಸ್ತರರು

ಕಳೆದ ದೀಪಾವಳಿಯ ರಜೆಯಲ್ಲಿ ನಾವು ಐದು ಜನ ಸಹಪಾಠಿಗಳು ಗೊಟಗೋಡಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಒಂದು ದೊಡ್ಡ ಬೇತು ಹಾಕಿದೆವು. ಬಿ. ಎ. ಪರೀಕ್ಷೆ ಮುಗಿದ ಮೇಲೆ ಹಿಮಾಲಯಕ್ಕೆ ಹೋಗುವುದು. ಕುಮಾವೂಂ ಸೀಮೆಯ ಮುನಸ್ಯಾರಿಯಿಂದ ಹೊರಟು, ಬೆನ್ನಿಗೆ ಚೀಲ ಹೊತ್ತು, ಗೋರಿಗಂಗೆಯ ದಂಡೆ ಹಿಡಿದು ಮಿಲಮ್ ಎಂಬ ಹಳ್ಳಿಯವರೆಗೆ ನಡೆಯುವುದು. ಮಿಲಮ್ ಇರುವುದು ಸಮುದ್ರಮಟ್ಟದಿಂದ 11,000 ಅಡಿಗೂ ಮೇಲೆ. ಅಲ್ಲಿಂದ ಮುಂದೆ ಹಿಮನದಿ. ನಾವು ಕಾಗದ ಲೇಖನಿ ತೆಗೆದುಕೊಂಡು ಬೇಕಾದ ಸಾಮಾನುಗಳ ಪಟ್ಟಿ ಬರೆಯತೊಡಗಿದೆವು. ಬೂಟು, ಬೆಚ್ಚನೆಯ ಅಂಗಿ, ಡೇರೆ, ಮಲಗುವ ಚೀಲ, ಒಲೆ, ಟಾರ್ಚು. ಪಟ್ಟಿ ಎರಡು ಪುಟ ತುಂಬಿತು. ಅದರ ಬೆಲೆಯ ಮೊತ್ತವು ನಮ್ಮ ಅಪ್ಪನ ಒಂದು ಬೆಳೆಯ ಹಣವನ್ನು ಮೀರಿತು.

ಪಕ್ಕದಲ್ಲಿ ಕಂಬಳಿ ಹೊದ್ದು ಕುಳಿತಿದ್ದ ನಮ್ಮಜ್ಜ ಇಷ್ಟು ಹೊತ್ತೂ ಸುಮ್ಮನಿದ್ದವರು, ಆಗ ಒಂದೇ ಒಂದು ಮಾತು ಕೇಳಿದರು. ಭಾರ ಹೊತ್ತುಕೊಂಡು ದಿನಕ್ಕೆ ಎಷ್ಟು ಹರದಾರಿ ನಡೆಯಬಲ್ಲಿರಿ ಎಂಬುದೇ ಆ ಪ್ರಶ್ನೆ. ಐವರಲ್ಲಿ ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಅಜ್ಜ ಮತ್ತೇನೂ ಅನ್ನದೆ ಎದ್ದು ಒಳಗೆ ಹೋದರು. ಅವರು ಹರೆಯದಲ್ಲಿ ಕುರಿ ಹಿಂಡಿನ ಹಿಂದೆ ಹಾನಗಲ್ಲ, ಹಿರೇಕೆರೂರ, ಸವಣೂರ ಸೀಮೆಗಳನ್ನೆಲ್ಲ ಕಾಲಿನಿಂದ ಅಳೆದವರು.

ಈ ಸಂಗತಿಯನ್ನು ನಾನು ನಮ್ಮ ಇತಿಹಾಸದ ಅಧ್ಯಾಪಕರಿಗೆ ತಿಳಿಸಿದಾಗ ಅವರು ನಕ್ಕು, ಮಿಲಮ್‌ಗೆ ಹೋಗುವವರು ಮೊದಲು ಮಿಲಮ್‌ನವರೊಬ್ಬರ ಚರಿತ್ರೆಯನ್ನು ತಿಳಿದುಕೊಳ್ಳಬೇಕೆಂದು ಹೇಳಿ, ಪಂಡಿತ ನೈನಸಿಂಗ ರಾವತರ ಹೆಸರನ್ನು ಸೂಚಿಸಿದರು. ಅಂದಿನಿಂದ ಗ್ರಂಥಾಲಯದಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದ್ದನ್ನು ನನ್ನಲ್ಲಿಯೇ ಇಟ್ಟುಕೊಳ್ಳಲು ಮನಸ್ಸಾಗದೆ ಈ ಲೇಖನವನ್ನು ಬರೆದಿದ್ದೇನೆ.

ಹಿಮಾಲಯವು ನಮ್ಮ ನಾಡಿನವರಿಗೆ ತೀರ ಪರಕೀಯವಾದುದಲ್ಲ. ಮಧ್ವಾಚಾರ್ಯರು ಉಡುಪಿಯಿಂದ ಬದರಿಗೆ ಎರಡು ಸಲ ಹೋಗಿ ಬಂದರೆಂದು ಅವರ ಚರಿತ್ರೆಯು ಹೇಳುತ್ತದೆ. ಕೇದಾರನಾಥದ ರಾವಲರು ಇಂದಿಗೂ ಕರ್ನಾಟಕ ಮೂಲದ ವೀರಶೈವ ಪರಂಪರೆಯವರು. ಅಷ್ಟೇ ಅಲ್ಲ, ಹಿಮಾಲಯವನ್ನು ಅಳೆದ ಮಹಾಕಾರ್ಯದ ಮೊದಲ ಅಭ್ಯಾಸವೂ ನಮ್ಮ ನೆಲದಲ್ಲಿಯೇ ಆಯಿತು. ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿ 1800ರಲ್ಲಿ ಬೆಂಗಳೂರಿನ ಬಯಲಿನಲ್ಲಿ ಉಕ್ಕಿನ ಸರಪಳಿಯಿಂದ ಸುಮಾರು 7½ ಮೈಲು ಉದ್ದದ ಒಂದು ಆಧಾರರೇಖೆಯನ್ನು ಅಳೆದನು. 1802ರಲ್ಲಿ ಮದರಾಸಿನಿಂದ ಕ್ರಮಬದ್ಧವಾಗಿ ಆರಂಭವಾದ ಮಹಾತ್ರಿಕೋನ ಮೋಜಣಿಯು ತ್ರಿಕೋನಕ್ಕೆ ತ್ರಿಕೋನ ಜೋಡಿಸುತ್ತ ಉತ್ತರಕ್ಕೆ ಸಾಗಿ ಹಿಮಾಲಯದ ಬುಡವನ್ನು ಮುಟ್ಟಿತು. ಅಲ್ಲಿಗೆ ಸರಪಳಿ ನಿಂತಿತು. ಆಚೆಯ ಟಿಬೆಟ್ ದೇಶವು ಪರದೇಶೀಯರಿಗೆ ಬಾಗಿಲು ಮುಚ್ಚಿತ್ತು. ಲ್ಹಾಸಾ ನಗರವು ಯಾವ ಅಕ್ಷಾಂಶದಲ್ಲಿದೆ, ಎಷ್ಟು ಎತ್ತರದಲ್ಲಿದೆ ಎಂಬುದು ಭೂಪಟ ಬರೆಯುವವರಿಗೆ ಸರಿಯಾಗಿ ತಿಳಿದಿರಲಿಲ್ಲ. ಸರಪಳಿ ಹೋಗಲಾರದ ಆ ನೆಲಕ್ಕೆ ಮನುಷ್ಯನ ಕಾಲುಗಳೇ ಹೋಗಬೇಕಾಯಿತು.

ನೈನಸಿಂಗರು 1830ರ ಅಕ್ಟೋಬರ 21ರಂದು ಜೋಹಾರ ಕಣಿವೆಯ ಮಿಲಮ್ ಮನೆತನವೊಂದರಲ್ಲಿ ಹುಟ್ಟಿದರು. ತಂದೆ ಅಮರಸಿಂಗರು. ಆ ಕಣಿವೆಯ ಜನ ಬೇಸಿಗೆ ಬಂತೆಂದರೆ ಹಿಮ ಕರಗಿದ ಕಣಿವೆದಾರಿಗಳನ್ನು ದಾಟಿ ಟಿಬೆಟ್ಟಿಗೆ ಧಾನ್ಯ, ಬಟ್ಟೆಗಳನ್ನು ಒಯ್ಯುವರು. ಅಲ್ಲಿಂದ ಉಪ್ಪು, ಉಣ್ಣೆ, ಬಿಳಿಗಾರಗಳನ್ನು ತರುವರು. ಚಳಿಗಾಲಕ್ಕೆ ಕೆಳಗಿನ ಊರುಗಳಿಗೆ ಇಳಿಯುವರು. ಸಂಪತ್ತು ಇರದ ಮನೆಯಲ್ಲಿ ಬೆಳೆದ ನೈನಸಿಂಗರು ಎಳೆಯ ವಯಸ್ಸಿನಲ್ಲಿಯೇ ತಂದೆಯ ಸಂಗಡ ವ್ಯಾಪಾರದ ದಾರಿ ತುಳಿದು ಟಿಬೆಟಿನ ಭಾಷೆ, ನಡೆನುಡಿಗಳನ್ನು ಕಲಿತರು. 1855ರಲ್ಲಿ ಶ್ಲಾಗಿಂಟ್ವೈಟ್ ಎಂಬ ಜರ್ಮನ್ ಸಹೋದರರು ಸಂಶೋಧನೆಗಾಗಿ ಬಂದಾಗ ಅವರ ಜೊತೆಗಾರರಾಗಿ ಮಾನಸ ಸರೋವರ, ಲಡಾಖಗಳವರೆಗೆ ತಿರುಗಾಡಿದರು. ಯಂತ್ರದಿಂದ ನೆಲವನ್ನೂ ನಕ್ಷತ್ರವನ್ನೂ ಅಳೆಯುವುದನ್ನು ಅವರು ಹತ್ತಿರದಿಂದ ಕಂಡದ್ದು ಆಗಲೇ.

ಮುಂದೆ ಅವರು ತಮ್ಮ ಊರಿನ ಸರಕಾರಿ ಶಾಲೆಯಲ್ಲಿ ಮಾಸ್ತರರಾದರು. ಆ ಸೀಮೆಯಲ್ಲಿ ಸಾಲಿ ಮಾಸ್ತರನಿಗೆ ಪಂಡಿತನೆಂದೇ ಹೆಸರು. ಈ ಹೆಸರೇ ಅವರಿಗೆ ಕೊನೆಯವರೆಗೂ ಅಂಟಿತು. ಅಷ್ಟೇ ಏಕೆ, ಅವರ ತರುವಾಯ ಈ ಕೆಲಸಕ್ಕೆ ಇಳಿದವರನ್ನೆಲ್ಲ ಜಗತ್ತು ಪಂಡಿತರೆಂದೇ ಕರೆಯಿತು. 1863ರಲ್ಲಿ ಕುಮಾವೂಂ ಶಿಕ್ಷಣ ಇಲಾಖೆಯ ಅಧಿಕಾರಿ ಎಡ್ಮಂಡ್ ಸ್ಮಿತ್ತರ ಶಿಫಾರಸಿನ ಮೇಲೆ ನೈನಸಿಂಗರೂ ಅವರ ದಾಯಾದಿ ಸೋದರ ಮಣಿಸಿಂಗರೂ ದೇಹರಾದೂನದ ಮೋಜಣಿ ಕಚೇರಿಗೆ ಹೋದರು. ಅಲ್ಲಿ ಕ್ಯಾಪ್ಟನ್ ಮಾಂಟ್ಗೊಮರಿ ಒಂದು ಹೊಸ ಯುಕ್ತಿಯನ್ನು ಹೂಡಿದ್ದನು. ಗಡಿನಾಡಿನ ಭಾರತೀಯರಿಗೆ ತರಬೇತು ಕೊಟ್ಟು, ವ್ಯಾಪಾರಿಗಳ ಅಥವಾ ಯಾತ್ರಿಕರ ವೇಷದಲ್ಲಿ ಅವರನ್ನು ಮುಚ್ಚಿದ ನಾಡಿಗೆ ಕಳುಹಿಸುವುದೇ ಆ ಯುಕ್ತಿ.

ಪ್ರಯಾಣದ ಸಿದ್ಧತೆ ಎಂದರೇನು ಎಂಬುದು ನನಗೆ ಅರ್ಥವಾದದ್ದು ಇಲ್ಲಿಯೇ. ಸುಮಾರು ಎರಡು ವರ್ಷ ನಡೆದ ಆ ತರಬೇತಿನಲ್ಲಿ ಮುಖ್ಯವಾದ ಪಾಠವೆಂದರೆ ನಡೆಯುವ ಪಾಠ. ಏರಿರಲಿ, ಇಳಿಜಾರಿರಲಿ, ಬಯಲಿರಲಿ, ಹೆಜ್ಜೆಯ ಉದ್ದ ಒಂದೇ ಸಮನಾಗಿ ಬರುವಂತೆ ಕಾಲನ್ನು ಪಳಗಿಸಬೇಕು. ನೈನಸಿಂಗರ ಹೆಜ್ಜೆ 31 ಅಂಗುಲಕ್ಕೆ ತುಸು ಹೆಚ್ಚು. ಅಂದರೆ ಒಂದು ಮೈಲಿಗೆ ಸುಮಾರು 2,000 ಹೆಜ್ಜೆ. ಎಣಿಕೆ ತಪ್ಪದಂತೆ ಕೈಯಲ್ಲಿ ಜಪಮಾಲೆ. ಸಂಪ್ರದಾಯದ ಮಾಲೆಗೆ 108 ಮಣಿ. ಇವರದಕ್ಕೆ 100 ಮಾತ್ರ. ನೂರು ಹೆಜ್ಜೆಗೆ ಒಂದು ಮಣಿ ಸರಿಸಿದರೆ, ಮಾಲೆ ಒಂದು ಸುತ್ತು ಬರುವಷ್ಟರಲ್ಲಿ 10,000 ಹೆಜ್ಜೆ, ಅಂದರೆ 5 ಮೈಲು. ಕಂಡವರು ಭಕ್ತನೊಬ್ಬ ಜಪ ಮಾಡುತ್ತಿದ್ದಾನೆಂದು ತಿಳಿದು ಮಾತನಾಡಿಸದೆ ದಾರಿ ಬಿಡುತ್ತಿದ್ದರು.

ಉಳಿದ ಉಪಕರಣಗಳದೂ ಇದೇ ಜಾಣತನ. ಟಿಬೆಟಿನವರು ಕೈಯಲ್ಲಿ ತಿರುಗಿಸುವ ಪ್ರಾರ್ಥನಾಚಕ್ರದೊಳಗೆ ಮಂತ್ರದ ಸುರುಳಿಯ ಬದಲು ಟಿಪ್ಪಣಿಯ ಕಾಗದ. ಪೆಟ್ಟಿಗೆಯ ಕಳ್ಳ ತಳದಲ್ಲಿ ಸೆಕ್ಸ್‌ಟೆಂಟ್, ಅಂದರೆ ಸೂರ್ಯ ನಕ್ಷತ್ರಗಳ ಎತ್ತರದ ಕೋನವನ್ನು ಅಳೆಯುವ ಯಂತ್ರ. ಕೈಗೋಲಿನೊಳಗೆ ಉಷ್ಣಮಾಪಕ. ಕವಡೆಗಳಲ್ಲಿ ತುಂಬಿ ಮುಚ್ಚಿದ ಪಾದರಸ. ಬೆಟ್ಟಗಳ ನಡುವೆ ಬಾನಂಚು ಕಾಣದಿರುವುದರಿಂದ ಪಾದರಸವನ್ನು ಬಟ್ಟಲಿಗೆ ಸುರಿದು, ಆ ಸಮತಲದಲ್ಲಿ ಮೂಡಿದ ನಕ್ಷತ್ರದ ಪ್ರತಿಬಿಂಬಕ್ಕೂ ಆಕಾಶದ ನಕ್ಷತ್ರಕ್ಕೂ ನಡುವಿನ ಕೋನವನ್ನು ಅಳೆದು ಅರ್ಧ ಮಾಡಿದರೆ ನಕ್ಷತ್ರದ ಎತ್ತರ ಸಿಕ್ಕುತ್ತದೆ, ಅದರಿಂದ ಅಕ್ಷಾಂಶ. ಇನ್ನು ಉಷ್ಣಮಾಪಕದ ಕೆಲಸ. ಮೇಲೇರಿದಂತೆ ಗಾಳಿಯ ಒತ್ತಡ ಕಡಿಮೆಯಾಗಿ ನೀರು ಬೇಗನೆ ಕುದಿಯುತ್ತದೆ. ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು ಲ್ಹಾಸಾದಲ್ಲಿ ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಚಹಕ್ಕೆ ಇಟ್ಟ ನೀರಿನಲ್ಲಿ ಮಾಪಕವನ್ನು ಅದ್ದಿದರೆ ಊರಿನ ಎತ್ತರ ತಿಳಿಯಿತು.

ಇದನ್ನು ಓದಿದ ಮರುದಿನ ನಾನೂ ಪರೀಕ್ಷೆ ಮಾಡಿದೆ. ಮುಂಜಾನೆ ಶಿಗ್ಗಾವಿಯ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನ ಕಲ್ಲಿನವರೆಗೆ, ಜೇಬಿನಲ್ಲಿ ಹುಣಸೆಬೀಜ ಇಟ್ಟುಕೊಂಡು, ನೂರು ಹೆಜ್ಜೆಗೊಂದು ಬೀಜವನ್ನು ಬಲ ಜೇಬಿನಿಂದ ಎಡ ಜೇಬಿಗೆ ಹಾಕುತ್ತ ನಡೆದೆ. ಮೊದಲ ಸಲ 1,352 ಹೆಜ್ಜೆ. ಮರಳಿ ಬರುವಾಗ 1,318. ಮೂರನೆಯ ಸಲ ಪರಿಚಯದವರೊಬ್ಬರು ಮೋಟರ್ ಸೈಕಲ್ ನಿಲ್ಲಿಸಿ ಕ್ಷೇಮ ಕೇಳಿದ್ದರಿಂದ ಲೆಕ್ಕವೇ ತಪ್ಪಿತು. ಹತ್ತು ಕಿಲೋ ಜೋಳದ ಚೀಲವನ್ನು ಬೆನ್ನಿಗೆ ಕಟ್ಟಿಕೊಂಡು ನಡೆದಾಗ 1,431 ಆಯಿತು. ನನ್ನ ಹೆಜ್ಜೆ ಭಾರಕ್ಕೆ ಒಂದು ತೆರ, ಹಗುರಕ್ಕೆ ಒಂದು ತೆರ, ಮನಸ್ಸು ಚಲಿಸಿದರೆ ಇನ್ನೊಂದು ತೆರ. ಒಂದು ಕಿಲೋಮೀಟರಿನಲ್ಲಿ ಇಷ್ಟು ತಪ್ಪುವ ನನಗೆ, ನೂರಾರು ಹರದಾರಿ ಒಂದೇ ಹೆಜ್ಜೆಯಲ್ಲಿ ನಡೆದವರ ಮನಃಸ್ಥೈರ್ಯವು ಎಂಥದೆಂಬುದು ಆಗ ತುಸು ಹೊಳೆಯಿತು.

1865ರ ಆರಂಭದಲ್ಲಿ ಸೋದರರಿಬ್ಬರೂ ಹೊರಟರು. ಇಷ್ಟು ಸಿದ್ಧತೆ ಇದ್ದರೂ ಅವರ ಮೊದಲ ಯೋಜನೆ ಕೈಗೂಡಲಿಲ್ಲ. ಕುಮಾವೂಂ ಗಡಿಯಿಂದ ಒಳಗೆ ಹೋಗಲು ಆಗದೆ ನೇಪಾಳದ ದಾರಿ ಹಿಡಿದು ಮಾರ್ಚ್ ತಿಂಗಳಲ್ಲಿ ಕಠ್ಮಂಡು ಸೇರಿದರು. ಅಲ್ಲಿಂದ ಕಿರೋಂಗದ ದಾರಿಯಲ್ಲಿ ಗಡಿಯ ಕಾವಲಿನವರು ಅವರ ಮಾತನ್ನು ನಂಬದೆ ಹಿಂದಕ್ಕೆ ಕಳುಹಿಸಿದರು. ಮತ್ತೆ ಕಠ್ಮಂಡುವಿಗೇ ಬಂದು, ಇಬ್ಬರೂ ಬೇರೆ ಬೇರೆಯಾಗಿ ಪ್ರಯತ್ನಿಸಲು ನಿಶ್ಚಯಿಸಿದರು. ಮಣಿಸಿಂಗರಿಗೆ ಲ್ಹಾಸಾದ ದಾರಿ ದೊರೆಯಲಿಲ್ಲ. ನೈನಸಿಂಗರು ವೇಷ ಬದಲಿಸಿ, ಜಡೆ ಕಟ್ಟಿ, ಲಡಾಖಿನ ವ್ಯಾಪಾರಿಯಾಗಿ ತಿಂಗಳುಗಟ್ಟಲೆ ಕಾದು, ಕೊನೆಗೆ ಲ್ಹಾಸಾಕ್ಕೆ ಹೊರಟಿದ್ದ ಲಡಾಖಿ ವ್ಯಾಪಾರಿಗಳ ತಂಡವನ್ನು ಕೂಡಿಕೊಂಡರು. ಒಂದು ಬಾಗಿಲು ಮುಚ್ಚಿದರೆ ಇನ್ನೊಂದನ್ನು ತಟ್ಟುವ ತಾಳ್ಮೆಯೂ ಸಿದ್ಧತೆಯ ಒಂದು ಭಾಗವೆಂದು ನನಗೆ ತೋರುತ್ತದೆ.

ದಾರಿಯಲ್ಲಿ ಶಿಗಾತ್ಸೆಯ ಬಳಿ ತಾಶಿಲ್ಹುನ್ಪೊ ಮಠಕ್ಕೆ ವ್ಯಾಪಾರಿಗಳು ಪಂಚೆನ್ ಲಾಮಾ ಅವರ ದರ್ಶನಕ್ಕೆಂದು ಹೋದರು. ಲಾಮಾ ಅವರು ಎದುರಿಗಿದ್ದವರ ಮನಸ್ಸಿನ ಗುಟ್ಟನ್ನು ಅರಿಯಬಲ್ಲರೆಂಬ ಪ್ರತೀತಿ ಇತ್ತು. ಗುಟ್ಟನ್ನೇ ಹೊತ್ತು ಬಂದಿದ್ದ ನೈನಸಿಂಗರಿಗೆ ಎದೆ ಡವಗುಟ್ಟಿತು. ಆದರೆ ಪೀಠದ ಮೇಲೆ ಇದ್ದವರು ಹನ್ನೊಂದು ವರ್ಷದ ಬಾಲಕ. ಎಲ್ಲರಿಗೂ ಕೇಳುವ ಒಂದೆರಡು ಕುಶಲಪ್ರಶ್ನೆ ಕೇಳಿ ಹರಸಿ ಕಳುಹಿಸಿದರು.

1866ರ ಜನವರಿ 10ರಂದು ಅವರು ಲ್ಹಾಸಾ ಮುಟ್ಟಿದರು. ಮೂರು ತಿಂಗಳಿಗೂ ಹೆಚ್ಚು ಕಾಲ ಅಲ್ಲಿದ್ದು ನಕ್ಷತ್ರ ನೋಡಿ ಅಕ್ಷಾಂಶವನ್ನೂ ನೀರು ಕುದಿಸಿ ಎತ್ತರವನ್ನೂ ನಿರ್ಣಯಿಸಿದರು. ಹಣ ತೀರಿದಾಗ ನೇಪಾಳಿ ವ್ಯಾಪಾರಿಗಳಿಗೆ ಲೆಕ್ಕ ಬರೆಯುವುದನ್ನು ಕಲಿಸಿ ಹೊಟ್ಟೆ ಹೊರೆದರು. ಮಾಸ್ತರಿಕೆಯು ಅಲ್ಲಿಯೂ ಅನ್ನ ಕೊಟ್ಟಿತು. ಅಪ್ಪಣೆಯಿಲ್ಲದೆ ನಗರಕ್ಕೆ ಬಂದ ಒಬ್ಬ ಚೀನೀಯನ ಶಿರಚ್ಛೇದವಾದುದನ್ನು ಕಣ್ಣಾರೆ ಕಂಡ ಮೇಲೆ ಅವರು ಬೀದಿಯಲ್ಲಿ ಕಾಣಿಸಿಕೊಳ್ಳುವುದನ್ನೇ ಕಡಿಮೆ ಮಾಡಿದರು. ಇಬ್ಬರು ಕಾಶ್ಮೀರಿ ಮುಸಲ್ಮಾನ ವ್ಯಾಪಾರಿಗಳು ಅವರ ನಿಜಸ್ವರೂಪವನ್ನು ಗುರುತಿಸಿದರು; ಆದರೆ ಯಾರಿಗೂ ಹೇಳದೆ, ಗಡಿಯಾರವನ್ನು ಒತ್ತೆಯಿಟ್ಟುಕೊಂಡು ಸಾಲವನ್ನೂ ಕೊಟ್ಟರು. ಏಪ್ರಿಲಿನಲ್ಲಿ ಮರಳಿ ಹೊರಟು, ಸಾಂಗ್ಪೊ ನದಿಯ ಮೇಲುಗಡೆಗೆ ಸಾಗಿ, ಮಾನಸ ಸರೋವರದ ಮೇಲಿಂದ ಅಕ್ಟೋಬರ 27ರಂದು ದೇಹರಾದೂನ ಸೇರಿದರು. ಅವರು ಅಳೆದ ದಾರಿ ಸುಮಾರು 1,200 ಮೈಲು. ಮೈಲಿಗೆ 2,000ದಂತೆ ಗುಣಿಸಿದರೆ 24 ಲಕ್ಷ ಹೆಜ್ಜೆ. 24,000 ಸಲ ಬೆರಳು ಮಣಿ ಸರಿಸಿದೆ!

1867ರಲ್ಲಿ ಅವರು ಮತ್ತೆ ಹೊರಟು, ಬದರಿನಾಥದ ಮೇಲಿನ ಮಾಣಾ ಕಣಿವೆಯನ್ನು ದಾಟಿ ಪಶ್ಚಿಮ ಟಿಬೆಟಿನ ಥೋಕ್ ಜಾಲುಂಗ್ ಎಂಬ ಚಿನ್ನದ ಗಣಿಗಳನ್ನು ಕಂಡುಬಂದರು. ಆ ಗಣಿಗಳು 16,000 ಅಡಿಗೂ ಮೇಲೆ. ಕೊರೆಯುವ ಗಾಳಿಗೆ ಹೆದರಿ ಕೂಲಿಕಾರರು ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಡೇರೆ ಹಾಕಿಕೊಂಡು ಇರುತ್ತಿದ್ದರು.

ಅವರ ಕೊನೆಯ ಮಹಾಪ್ರಯಾಣವೇ ನನಗೆ ಎಲ್ಲಕ್ಕಿಂತ ಪ್ರಿಯವಾದುದು. 1874ರ ಜುಲೈ 15ರಂದು ಲೇಹದಿಂದ ಲಾಮಾ ವೇಷದಲ್ಲಿ ಹೊರಟ ಅವರು ಈ ಸಲ ಸಾಮಾನು ಹೊರಲು ಕುದುರೆಯನ್ನಾಗಲಿ ಚಮರಿಮೃಗವನ್ನಾಗಲಿ ನೆಚ್ಚಲಿಲ್ಲ. 26 ಕುರಿಗಳನ್ನು ಕೊಂಡರು. ಒಂದೊಂದರ ಬೆನ್ನಿಗೆ 20ರಿಂದ 25 ಪೌಂಡು ಭಾರ. ಕುರಿಗೆ ಮೇವು ಹೊರಬೇಕಾಗಿಲ್ಲ. ದಾರಿಯುದ್ದಕ್ಕೂ ಅದೇ ಮೇಯ್ದುಕೊಳ್ಳುತ್ತದೆ. ಕುರಿಗಳನ್ನು ಹೊಡೆದುಕೊಂಡು ಹೋಗುವವನನ್ನು ಯಾರೂ ಸಂಶಯದಿಂದ ನೋಡುವುದಿಲ್ಲ. ನಾನು ಇದನ್ನು ಓದಿ ಹೇಳಿದಾಗ ನಮ್ಮಜ್ಜ ಮೊದಲ ಸಲ ನೆಟ್ಟಗೆ ಕುಳಿತರು. ದಿನಕ್ಕೆ ಎಷ್ಟು ನಡೆಸಿದರು, ನೀರು ಎಲ್ಲಿ ಕುಡಿಸಿದರು, ಗೊರಸು ಸವೆಯಲಿಲ್ಲವೆ ಎಂದು ಒಂದರ ಮೇಲೊಂದು ಪ್ರಶ್ನೆ ಕೇಳಿದರು. ಅವುಗಳಲ್ಲಿ ಕೆಲವೇ ಕುರಿಗಳು ಬಹು ದೂರದವರೆಗೆ ಉಳಿದುಬಂದವೆಂದು ಹೇಳಿದಾಗ ಬಹಳ ಹೊತ್ತು ಮೌನವಾಗಿದ್ದರು.

ಆ ಪ್ರಯಾಣವು ಟಿಬೆಟಿನ ನಡುಪ್ರಸ್ಥಭೂಮಿಯ ಸರೋವರಗಳ ನಾಡಿನ ಮೂಲಕ ಸಾಗಿ ನವೆಂಬರಿನಲ್ಲಿ ಲ್ಹಾಸಾ ಮುಟ್ಟಿತು. ಅಲ್ಲಿ ಅವರನ್ನು ಬಲ್ಲವನೊಬ್ಬನು ಕಣ್ಣಿಗೆ ಬಿದ್ದುದರಿಂದ ಎರಡೇ ದಿನಗಳಲ್ಲಿ ನಗರ ಬಿಟ್ಟು ಆಗ್ನೇಯಕ್ಕೆ ತಿರುಗಿದರು. ತವಾಂಗದಲ್ಲಿ ಸುಮಾರು ಎರಡು ತಿಂಗಳು ತಡೆಯಲ್ಪಟ್ಟು, 1875ರ ಮಾರ್ಚ್ 1ರಂದು ಅಸ್ಸಾಮಿನ ಉದಾಲಗುಡಿಗೆ ಇಳಿದರು. ಲೇಹದಿಂದ ಅಲ್ಲಿಗೆ ಸುಮಾರು 1,400 ಮೈಲು. ಅದರ ಬಹುಭಾಗವು ಅದುವರೆಗೆ ಯಾವ ಭೂಪಟದಲ್ಲಿಯೂ ಸರಿಯಾಗಿ ಮೂಡದ ನೆಲ. ಸಾಂಗ್ಪೊ ನದಿಯೇ ಮುಂದೆ ಬ್ರಹ್ಮಪುತ್ರವಾಗಿ ಹರಿಯುತ್ತದೆಂಬ ಅಭಿಪ್ರಾಯಕ್ಕೆ ಅವರ ಅಳತೆಗಳಿಂದ ಬಲ ಬಂದಿತು. ವರ್ಷಗಟ್ಟಲೆ ಹಿಮದ ಬೆಳಕನ್ನೂ ನಕ್ಷತ್ರಗಳನ್ನೂ ದಿಟ್ಟಿಸಿದ ಕಣ್ಣುಗಳು ಅಷ್ಟರಲ್ಲಿ ಮಂಜಾಗಿದ್ದವು. ಅವರು ನಿವೃತ್ತರಾಗಿ, ಹೊಸಬರಿಗೆ ವಿದ್ಯೆ ಕಲಿಸತೊಡಗಿದರು. ತಿರುಗಿ ಮಾಸ್ತರರಾದರೆಂದೇ ಹೇಳಬೇಕು.

ಲಂಡನ್ನಿನ ರಾಯಲ್ ಭೂಗೋಲ ಸಂಘವು 1868ರಲ್ಲಿ ಅವರಿಗೆ ಚಿನ್ನದ ಗಡಿಯಾರವನ್ನೂ 1877ರಲ್ಲಿ ಚಿನ್ನದ ಪದಕವನ್ನೂ ನೀಡಿತು. ಸರಕಾರವು ಜಹಗೀರನ್ನೂ ಸಿ. ಐ. ಇ. ಬಿರುದನ್ನೂ ಕೊಟ್ಟಿತು. ಆದರೆ ಅದಕ್ಕೆ ಮೊದಲು ಅನೇಕ ವರ್ಷ ವರದಿಗಳಲ್ಲಿ ಅವರ ಹೆಸರೇ ಇರಲಿಲ್ಲ. ಪಂಡಿತ ಎಂಬ ಗುಪ್ತನಾಮವಷ್ಟೇ. ಸ್ವತಂತ್ರ ಭಾರತದ ಅಂಚೆ ಇಲಾಖೆಯು 2004ರಲ್ಲಿ ಅವರ ಚಿತ್ರವಿದ್ದ ಅಂಚೆಚೀಟಿಯನ್ನು ಹೊರಡಿಸಿತು.

ಇಷ್ಟು ಹೊಗಳಿದ ಮೇಲೆ ಒಂದು ಮಾತನ್ನು ಮುಚ್ಚಿಡುವುದು ನ್ಯಾಯವಲ್ಲ. ನೈನಸಿಂಗರು ನಡೆದದ್ದು ಪರರಾಜ್ಯದ ಊಳಿಗದಲ್ಲಿ. ಉಂಡ ಮನೆಯವರಿಗೆ ತಿಳಿಯದಂತೆ ಅವರ ನಾಡನ್ನು ಅಳೆದರು. 1904ರಲ್ಲಿ ಇಂಗ್ಲಿಷ್ ಸೈನ್ಯವು ಲ್ಹಾಸಾಕ್ಕೆ ನುಗ್ಗಿದಾಗ ನೂರಾರು ಟಿಬೆಟಿಯನ್ನರು ಪ್ರಾಣ ಕಳೆದುಕೊಂಡರು. ಮಾಸ್ತರರು ಅದನ್ನು ಬಯಸಿರಲಾರರು. ಆದರೂ ಜ್ಞಾನವು ಯಾರ ಕೈಗೆ ಸೇರುತ್ತದೆಂಬ ವಿಚಾರವನ್ನು ಓದಿದವರಾದ ನಾವು ಬಿಡಲಾಗದು. ಜಪಮಾಲೆ ಹಿಡಿದು ಲೆಕ್ಕ ಮಾಡಿದವರ ಮನಸ್ಸು ಎಂದಾದರೂ ಕಳವಳಪಟ್ಟಿತೆ ಎಂದು ನಾನು ಹಲವು ಸಲ ಯೋಚಿಸಿದ್ದೇನೆ. ಲಾಮಾ ಅವರ ಎದುರಿನಲ್ಲಿ ನಡುಗಿದ ಆ ಎದೆಯೇ ಅದಕ್ಕೆ ಉತ್ತರವೆಂದು ನನಗೆ ತೋರುತ್ತದೆ.

ಇನ್ನೊಂದು ವಿಚಾರ ನನ್ನನ್ನು ಇದಕ್ಕಿಂತಲೂ ಹೆಚ್ಚಾಗಿ ಕಾಡಿತು. ಜೋಹಾರದ ಜನ ತಲೆತಲಾಂತರದಿಂದ ಆ ದಾರಿಗಳಲ್ಲಿ ನಡೆದಿದ್ದರು. ಹೆಜ್ಜೆಗಳೇನೂ ಕಡಿಮೆ ಇರಲಿಲ್ಲ. ಆದರೆ ನೈನಸಿಂಗರು ನಡೆದುದನ್ನು ಆಯಾ ದಿನ ಸಂಜೆಯೇ ಬರೆದಿಟ್ಟರು. ಆದುದರಿಂದ ಅವರ ಹೆಜ್ಜೆ ಭೂಪಟವಾಯಿತು. ಅವರ ಅಪ್ಪ ಅಜ್ಜಂದಿರ ಹೆಜ್ಜೆ ಹಿಮದಲ್ಲಿ ಕರಗಿತು. 1962ರ ಯುದ್ಧದ ತರುವಾಯ ಟಿಬೆಟಿನ ವ್ಯಾಪಾರ ನಿಂತು ಮಿಲಮ್‌ನ ಬಹುಪಾಲು ಮನೆಗಳು ಬರಿದಾಗಿ ಗೋಡೆಗಳಷ್ಟೇ ಉಳಿದಿವೆ. ನಮ್ಮ ಮನೆಯಲ್ಲಿ ಅಕ್ಷರ ಕಲಿತು ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಮ್ಮಜ್ಜ ನಡೆದ ಹರದಾರಿಗಳ ಲೆಕ್ಕವನ್ನು ಬರೆದವರು ಯಾರು?

ನಮ್ಮ ಬೇತನ್ನು ನಾವು ಬಿಟ್ಟಿಲ್ಲ. ಆದರೆ ಅದು ಬದಲಾಗಿದೆ. ಎರಡು ಪುಟದ ಪಟ್ಟಿ ಅರ್ಧ ಪುಟಕ್ಕೆ ಇಳಿದಿದೆ. ಅಪ್ಪನ ಬೆಳೆಯ ಹಣಕ್ಕೆ ಕೈ ಹಚ್ಚದೆ, ಒಂದು ವರ್ಷ ದುಡಿದು ಕೂಡಿಸಿ ಹೋಗುವುದೆಂದು ತೀರ್ಮಾನಿಸಿದ್ದೇವೆ. ಅಲ್ಲಿಯವರೆಗೆ ಭಾನುವಾರಕ್ಕೊಮ್ಮೆ ಐವರೂ ಬೆನ್ನಿಗೆ ಭಾರ ಕಟ್ಟಿಕೊಂಡು, ಬುತ್ತಿ ಹಿಡಿದು, ಗೊಟಗೋಡಿಯಿಂದ ಒಂದೊಂದು ದಿಕ್ಕಿಗೆ ನಡೆದು ಹೆಜ್ಜೆ ಬರೆದಿಡುತ್ತೇವೆ. ನನ್ನ ಕಿಲೋಮೀಟರಿಗೆ ಈಗ ಭಾರ ಸಹಿತ 1,390ರಿಂದ 1,400 ಹೆಜ್ಜೆ. ಅದಕ್ಕಿಂತ ಹೆಚ್ಚು ತಪ್ಪುವುದಿಲ್ಲ.

ಸಂಜೆ ಮರಳಿದ ಮೇಲೆ ಅದೇ ಹೊತ್ತಗೆಯ ಹಿಂಬದಿಯಲ್ಲಿ ಇನ್ನೊಂದು ಲೆಕ್ಕ ಬರೆಯುತ್ತೇನೆ. ಅಜ್ಜ ಕುರಿ ಹೊಡೆದುಕೊಂಡು ಯಾವ ತಿಂಗಳು ಯಾವ ಊರಿಗೆ ಹೋದರು, ಯಾವ ಕೆರೆಯಲ್ಲಿ ನೀರು ಕುಡಿಸಿದರು, ಯಾರ ಹೊಲದಲ್ಲಿ ಕುರಿ ನಿಲ್ಲಿಸಿದರು, ಒಂದು ಮಜಲಿಗೂ ಇನ್ನೊಂದಕ್ಕೂ ಎಷ್ಟು ಹರದಾರಿ ಎಂಬುದನ್ನು ಅವರು ನೆನೆದು ನೆನೆದು ಹೇಳುತ್ತಾರೆ. ಇದುವರೆಗೆ ಮೂವತ್ತೇಳು ಮಜಲು ಆಗಿವೆ. ಹಾನಗಲ್ಲದ ಆಚೆಯ ದಾರಿ ಇನ್ನೂ ಉಳಿದಿದೆ.